ಹೊಟ್ಟೆಯಲ್ಲಿ ಕಂದ, ಕೈಯಲ್ಲಿ ಟಿಕೆಟ್



ಗಂಗಾವತಿಯ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಚೆಗೆ ತನ್ನ ತಾಯಿಯೊಂದಿಗೆ ಮನೆಗೆ ಬಂದಿದ್ದಳು. ಬೆಂಗಳೂರಿನಲ್ಲಿ ಕಂಪೆನಿ ಕೆಲಸ. ಐದನೇ ತಿಂಗಳು. ತಿಂಗಳಿಗೆ ಮೂರು ನಾಲ್ಕು ಬಾರಿ ದೆಹಲಿ, ಮುಂಬೈ ಎಂದು ವಿಮಾನದಲ್ಲಿ ಹೋಗಿಬರಬೇಕು. "ಆಪಾ, ನೀವಾದರೂ ಬುದ್ಧಿ ಹೇಳಿ, ನೌಕರಿ ಬಿಡಲಿ. ಆಕಾಶದಲ್ಲಿ ಮಗುವಿಗೆ ಏನಾದರೂ ಆದರೆ?" ಎಂದು ತಾಯಿ ಕಣ್ಣೊರೆಸಿಕೊಂಡರು. "ಆಫೀಸಿನಲ್ಲಿ ಹೇಳಿದ್ದೀಯೇನಮ್ಮಾ?" ಎಂದು ಕೇಳಿದೆ. "ಇಲ್ಲ ಆಪಾ. ಹೇಳಿದರೆ ನನ್ನ ಕೆಲಸ ಬೇರೆಯವರ ಪಾಲಾಗುತ್ತದೆ" ಎಂದಳು.

ತಾಯಿಯದು ತಿಳಿಯದ ಭಯ, ಮಗಳದು ಹೇಳಲಾಗದ ಭಯ. ಎರಡಕ್ಕೂ ಮದ್ದು ತಿಳುವಳಿಕೆಯೇ.

ಹಾರಾಡುವ ವಿಮಾನದೊಳಗಿನ ಗಾಳಿ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚೇ ತೆಳುವಾಗಿರುತ್ತದೆ. ಆರೋಗ್ಯವಂತ ಗರ್ಭಿಣಿಗೂ ಮಗುವಿಗೂ ಇದರಿಂದ ತೊಂದರೆಯಿಲ್ಲ ಎನ್ನುತ್ತಾರೆ ವೈದ್ಯರು. ನಿಲ್ದಾಣದಲ್ಲಿ ನಾವು ಹಾದುಹೋಗುವ ಲೋಹಶೋಧಕ ಚೌಕಟ್ಟಿನಲ್ಲಿ ಎಕ್ಸ್‌ರೇ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಹೋಗುವವಳಿಗೆ ಆಕಾಶದ ವಿಕಿರಣದ ಚಿಂತೆಯೂ ಬೇಡ. ಆದರೆ ಮೇಲಿಂದ ಮೇಲೆ ಹಾರುವವಳು ತನ್ನ ಪ್ರಯಾಣದ ಲೆಕ್ಕವನ್ನು ವೈದ್ಯರ ಮುಂದೆ ಇಡಲೇಬೇಕು.

ನಿಜವಾದ ಎಚ್ಚರ ಬೇಕಾದದ್ದು ಬೇರೆ ಕಡೆ. ಗರ್ಭಿಣಿ ಬಹಳ ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ಆಗಾಗ ಎದ್ದು ನಡೆಯಬೇಕು, ಪಾದ ಆಡಿಸಬೇಕು, ನೀರು ಕುಡಿಯಬೇಕು. ಬೆಲ್ಟನ್ನು ಹೊಟ್ಟೆಯ ಮೇಲಲ್ಲ, ಕೆಳಗೆ ತೊಡೆಗಳಿಗೆ ತಾಗುವಂತೆ ಕಟ್ಟಬೇಕು. 28 ವಾರ ದಾಟಿದರೆ ಅನೇಕ ವಿಮಾನ ಸಂಸ್ಥೆಗಳು ವೈದ್ಯರ ಪತ್ರ ಕೇಳುತ್ತವೆ. ಕೊನೆಯ ವಾರಗಳಲ್ಲಿ ಹತ್ತಿಸಿಕೊಳ್ಳುವುದೇ ಇಲ್ಲ. ರಕ್ತಸ್ರಾವ, ಅಧಿಕ ರಕ್ತದೊತ್ತಡ, ತೀವ್ರ ರಕ್ತಹೀನತೆ ಇದ್ದವರು ವೈದ್ಯರು ಒಪ್ಪದೆ ಹೊರಡಬಾರದು.

ರಕ್ತಹೀನತೆ ಎಂದೊಡನೆ ನಾನು ಅವಳ ಮುಖ ನೋಡಿದೆ. ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆಯಾಗಿ ಎರಡು ತಿಂಗಳಾಗಿತ್ತಂತೆ! ಮರುದಿನವೇ ಮಾಡಿಸಿದರು. ಗರ್ಭಿಣಿಗೆ 11 ಇರಬೇಕಾದ ಹಿಮೋಗ್ಲೋಬಿನ್ ಅವಳಿಗೆ 8 ಇತ್ತು. ತಾಯಿ ಆಕಾಶಕ್ಕೆ ಹೆದರಿದ್ದರು, ಕೊರತೆ ಇದ್ದದ್ದು ರಕ್ತದಲ್ಲಿ.

ಇನ್ನು ಮಗಳ ಭಯ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದು ಮೊದಲೆರಡು ಮಕ್ಕಳಿಗೆ ಸಂಬಳ ಸಹಿತ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಲಾಯಿತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಹಕ್ಕು ಉಳಿದಿದೆ. ಹೆರಿಗೆಗೆ ಸುಮಾರು ಹತ್ತು ವಾರ ಮುಂಚಿನಿಂದ ಶ್ರಮದ ಕೆಲಸ ಬೇಡವೆಂದು ಅವಳು ಕೇಳಿದರೆ ಮಾಲಿಕರು ಒಪ್ಪಬೇಕು. ಕೇಳದಿದ್ದರೆ ಕೊಡುವವರಾರು?

ಸಹೋದರಿಯರೇ, ವಿಮಾನ ನಮ್ಮಲ್ಲಿ ಕೆಲವರಿಗಷ್ಟೇ. ಆದರೆ ಕುಷ್ಟಗಿಯಿಂದ ಕೊಪ್ಪಳಕ್ಕೆ ದಿನವೂ ನಿಂತೇ ಬಸ್ಸಿನಲ್ಲಿ ಓಡಾಡುವ ಶಿಕ್ಷಕಿ, ಗಂಗಾವತಿಯ ಗದ್ದೆಗೆ ಟೆಂಪೋದಲ್ಲಿ ನಾಟಿಗೆ ಹೋಗುವ ಬಸುರಿ, ಯಲಬುರ್ಗಾದಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಗುಳೆ ಹೋಗುವವಳು - ಇವರಿಂದ ಯಾರೂ ವೈದ್ಯರ ಪತ್ರ ಕೇಳುವುದಿಲ್ಲ. ಬಸ್ಸಿನಲ್ಲಿ ಅಂಥವಳನ್ನು ಕಂಡರೆ ಎದ್ದು ಸೀಟು ಕೊಡಿ. ಎಲ್ಲಿಗೆ ಹೊರಟರೂ ತಾಯಿ ಕಾರ್ಡ್ ಚೀಲದಲ್ಲಿರಲಿ, ದಾರಿಯಲ್ಲಿ ತೊಂದರೆಯಾದರೆ 108ಕ್ಕೆ ಕರೆ ಮಾಡಿ.

ದೀನ್ ಪ್ರಯಾಣಿಕರಿಗೆ ನಮಾಝಿನಲ್ಲಿ, ಗರ್ಭಿಣಿಗೆ ಉಪವಾಸದಲ್ಲಿ ರಿಯಾಯಿತಿ ನೀಡಿದೆ. ಅಲ್ಲಾಹನು ಸಡಿಲಿಸಿದ ಹೊರೆಯನ್ನು ಅತ್ತೆ, ಗಂಡ, ಮಾಲಿಕ ಸೇರಿ ಬಿಗಿ ಮಾಡುವುದು ಯಾವ ನ್ಯಾಯ?

ಮೊನ್ನೆ ಆ ಹುಡುಗಿ ಫೋನ್ ಮಾಡಿದ್ದಳು. ಆಫೀಸಿನಲ್ಲಿ ಹೇಳಿದಳಂತೆ. ರಕ್ತ ಸುಧಾರಿಸುವವರೆಗೆ ಪ್ರಯಾಣವಿಲ್ಲ, ಕುಳಿತಲ್ಲಿಂದಲೇ ಕೆಲಸ. "ಅಮ್ಮಿ ಈಗ ನೌಕರಿ ಬಿಡು ಅನ್ನುವುದಿಲ್ಲ ಆಪಾ, ಗುಳಿಗೆ ತಗೊಂಡೆಯಾ ಅಂತಷ್ಟೇ ಕೇಳ್ತಾರೆ" ಎಂದು ನಕ್ಕಳು.

ನಿಮ್ಮ ಮನೆಯ ಬಸುರಿಯನ್ನು ನೀವು ಇಂದು ಏನು ಕೇಳಿದಿರಿ?