ಕೆಂಡದ ಮೇಲೆ ಚೀನೀ ಅಡಿಗೆ

ಯಲಬುರ್ಗಾ, ಕುಷ್ಟಗಿಗಳ ಹೊಲದಲ್ಲಿ ಸೀತನಿ ತಿಂದವರಿಗೆ ಕೆಂಡದ ಮರ್ಮವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಎಳೆ ಜೋಳದ ತೆನೆಯನ್ನು ಉರಿಗೆ ಹಿಡಿದರೆ ಹೊರಗೆ ಕರಿ, ಒಳಗೆ ಹಸಿ. ಕುಳ್ಳಿನ ಉರಿ ಅಡಗಿ ಕೆಂಡವಾಗುವವರೆಗೆ ಕಾದವರಿಗೇ ಅದರ ಸವಿ. ದಕ್ಷಿಣ ಚೀನದ ಕ್ಯಾಂಟನ್ ಸೀಮೆಯವರ ‘ಚಾ ಸಿಯು’ ಎಂಬ ಸುಟ್ಟ ಹಂದಿಮಾಂಸಕ್ಕೂ ಇದೇ ನಿಯಮ. ‘ಚಾ’ ಎಂದರೆ ಕವಲುಳ್ಳ ಸಲಾಕೆ. ‘ಸಿಯು’ ಎಂದರೆ ಸುಡುವುದು.

ಹಂದಿಮಾಂಸದ ಅಡಿಗೆ ಎಂದೊಡನೆ ನಮಗೆ ಕೊಡಗಿನ ಪಂದಿ ಕರಿ ನೆನಪಾಗುತ್ತದೆ. ಅದು ಕಾಚಂಪುಳಿಯ ಹುಳಿಯಿಂದ ಕಪ್ಪೇರಿದ್ದು, ಇದು ಸಿಹಿಯದು. ಸಿಹಿಯೇ ಇದರ ಸೊಗಸು, ಸಿಹಿಯೇ ಇದರ ತೊಡಕು. ಬೆಲ್ಲ, ಜೇನುಗಳು ಮಾಂಸ ಬೇಯುವ ಮೊದಲೇ ಸೀದುಹೋಗುತ್ತವೆ. ಮೇಲಾಗಿ ಮಸಾಲೆಯ ಕೆಂಪಿನಲ್ಲಿ ಹಸಿಮಾಂಸದ ಕೆಂಪು ಮರೆಯಾಗಿ, ಬೆಂದಿತೋ ಇಲ್ಲವೋ ತಿಳಿಯದು.

ಇದನ್ನು ಹಗುರವಾಗಿ ಎಣಿಸಬಾರದು. ಅರೆಬೆಂದ ಹಂದಿಮಾಂಸದಿಂದ ಲಾಡಿಹುಳು ಹೊಟ್ಟೆ ಸೇರಬಹುದು. ಹುಳುವಿರುವವರ ಮಲದಿಂದ ಅದರ ತತ್ತಿಗಳು ಕೈಗೆ, ನೀರಿಗೆ, ಹಸಿ ತರಕಾರಿಗೆ ಹತ್ತಿ ಇನ್ನೊಬ್ಬರ ಒಡಲು ಸೇರಿದರೆ, ಮಿದುಳಿನಲ್ಲಿ ಗುಳ್ಳೆ ಕಟ್ಟಿ ಮೂರ್ಛೆ ರೋಗ ಬರುವುದುಂಟು. ಮಾಂಸವನ್ನೇ ಮುಟ್ಟದ ನೆರೆಮನೆಯವರಿಗೂ ಈ ಕಾಯಿಲೆ ತಪ್ಪಿದ್ದಲ್ಲ! ಆದುದರಿಂದ ಬೀದಿಯಲ್ಲಿ ಅಲೆಯುವ ಹಂದಿಯ ಮಾಂಸ ಬೇಡ. ಕಟ್ಟಿ ಸಾಕಿದ, ತಪಾಸಣೆಯಾದ ಮಾಂಸವನ್ನೇ ಕೇಳಿ ಕೊಳ್ಳಿರಿ.

ಭುಜದ ಭಾಗ ಒಂದು ಕಿಲೋ ಸಾಕು. ತುಸು ಕೊಬ್ಬು ಇರಲಿ. ಇಲ್ಲವಾದರೆ ತುಂಡು ನಾರಾಗುತ್ತದೆ. ಗೇಣುದ್ದ, ಎರಡು ಬೆರಳು ದಪ್ಪದ ಪಟ್ಟಿಗಳಾಗಿ ಕೊಯ್ದು, 4 ದೊಡ್ಡ ಚಮಚ ಸೋಯಾ ಸಾಸ್, 3 ಚಮಚ ಪುಡಿಬೆಲ್ಲ, ಅರೆದ ಶುಂಠಿ ಬೆಳ್ಳುಳ್ಳಿ ಸವರಿರಿ. ಸಾಸಿನಲ್ಲೇ ಉಪ್ಪಿದೆ, ಬೇರೆ ಬೇಡ. ಚೀನೀಯರ ಐದು ಮಸಾಲೆಗಳಲ್ಲಿ ದಾಲ್ಚಿನ್ನಿ, ಲವಂಗ, ಬಡೇಸೋಪು, ನಕ್ಷತ್ರ ಮೊಗ್ಗು ನಮ್ಮ ಡಬ್ಬಿಯಲ್ಲೇ ಉಂಟು. ಐದನೆಯದಾದ ಸಿಚುವಾನ್ ಮೆಣಸಿಗೆ ಕರಾವಳಿಯ ಕೊಂಕಣಿಗರ ತೆಪ್ಪಲ್ ಒಂದೇ ಕುಲದ ಬಂಧು. ಅದು ದೊರೆಯದಿದ್ದರೆ ಕಾಳುಮೆಣಸು. ಎಲ್ಲ ಕುಟ್ಟಿದ ಪುಡಿ ಒಂದು ಸಣ್ಣ ಚಮಚವಾದರೆ ಆಯಿತು. ಬಣ್ಣಕ್ಕೆ ಅಲ್ಲಿನವರು ಕೆಂಪಗೆ ಹುದುಗಿಸಿದ ಸೋಯಾ ಗಿಣ್ಣು ಹಾಕುತ್ತಾರೆ. ಹೋಟೆಲುಗಳಲ್ಲಿ ಕೃತಕ ಬಣ್ಣವೂ ಬೀಳುತ್ತದೆ. ನಮಗೆ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಆ ಹಂಗೇಕೆ? ಬಣ್ಣ ಹೆಚ್ಚು, ಖಾರ ಕಡಿಮೆ.

ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲಿ. ಕೊಪ್ಪಳದ ಸೆಕೆಯಲ್ಲಿ ಹೊರಗಿಡುವ ಧೈರ್ಯ ಸಲ್ಲದು. ಮರುದಿನ ದಪ್ಪ ತಳದ ಪಾತ್ರೆಯಲ್ಲಿ ನೆನೆದ ರಸವನ್ನೂ ಒಂದು ಲೋಟ ನೀರನ್ನೂ ಕೂಡಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿರಿ. ಅತಿ ದಪ್ಪ ತುಂಡನ್ನು ನಡುವೆ ಕೊಯ್ದು ನೋಡಬೇಕು. ಒಸರುವ ರಸ ತಿಳಿಯಾಗಿರಬೇಕು. ಉಷ್ಣಮಾಪಕವಿದ್ದರೆ ನಡುಭಾಗ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲಿ. ತುಂಡುಗಳನ್ನು ತೆಗೆದು, ಉಳಿದ ರಸವನ್ನು ಪಾಕವಾಗುವಷ್ಟು ಕುದಿಸಿ, ಇಳಿಸಿ, 2 ಚಮಚ ಜೇನು ಬೆರೆಸಿರಿ.

ಇನ್ನು ಇದ್ದಿಲೊಲೆಯ ಸರದಿ. ಅದು ಹಿತ್ತಿಲಲ್ಲಿಯೇ ಇರಲಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಗಾಳಿ ಪ್ರಾಣಕ್ಕೇ ಮುಳುವು. ಬೂದಿ ಕವಿದ ಕೆಂಡದ ಮೇಲೆ, ಸಲಾಕೆಗೆ ಚುಚ್ಚಿದ ತುಂಡುಗಳನ್ನು ಹೊರಳಿಸುತ್ತ, ಪಾಕ ಸವರುತ್ತ ಹತ್ತು ನಿಮಿಷ ಸುಟ್ಟರೆ ಅಂಚು ಅಲ್ಲಲ್ಲಿ ಕಪ್ಪಾಗಿ ಮೈ ಮಿರುಗುತ್ತದೆ. ಮೊದಲು ಬೇಯಿಸಿ ಆಮೇಲೆ ಸುಡುವುದನ್ನು ಕ್ಯಾಂಟನ್ನಿನ ಬಾಣಸಿಗ ಒಪ್ಪಲಾರ. ಓವನ್ ಇಲ್ಲದ, ಮಕ್ಕಳಿರುವ ಮನೆಗೆ ನಾನು ಇದನ್ನೇ ಹೇಳುವೆ.

ಕ್ಯಾಂಟನ್ನಿನವರಿಗೆ ಇದು ಅನ್ನದ ಜೊತೆಯ ತಿನಿಸು. ಗಂಗಾವತಿಯ ಸೋನಾ ಮಸೂರಿ ಬಿಸಿಯಾಗಿರಲಿ. ಮಾಂಸವನ್ನು ತೆಳ್ಳಗೆ ಅಡ್ಡಕೊಯ್ದು ಮೇಲಿಟ್ಟು, ಮಿಕ್ಕ ಪಾಕವನ್ನು ಮತ್ತೊಮ್ಮೆ ಕುದಿಸಿ ಸುರಿಯಿರಿ. ಪಕ್ಕಕ್ಕೆ ಸೌತೆಕಾಯಿ. ಅದನ್ನು ಹೆಚ್ಚುವ ಮಣೆ ಮಾತ್ರ ಹಸಿಮಾಂಸ ಕೊಯ್ದ ಮಣೆಯಾಗದಿರಲಿ.