ಅಪ್ಪನ ಕಾರಿನ ರೇಡಿಯೋ

ಡಿಪ್ಲೊಮ್ಯಾಟಿಕ್ ಏರಿಯಾದ ನಮ್ಮ ಆಫೀಸಿನ ಪಾರ್ಕಿಂಗ್ ತುಂಬ ಟಚ್‌ಸ್ಕ್ರೀನ್ ಕಾರುಗಳೇ. ನಂಗೋ ಪುತ್ತೂರಿನ ಶೆಡ್ಡಲ್ಲಿ ನಿಂತಿರೋ ಅಪ್ಪನ ಪ್ರೀಮಿಯರ್ ಪದ್ಮಿನಿಯದ್ದೇ ಚಿಂತೆ ಮಾರಾಯ್ರೆ! ಅದರ ರೇಡಿಯೋ ಸತ್ತು ವರ್ಷಗಳಾದವು. ತಮ್ಮನಿಗೆ ಡ್ಯಾಶ್‌ಬೋರ್ಡ್ ಕೊಯ್ದು ಟಚ್‌ಸ್ಕ್ರೀನ್ ಕೂರಿಸೋ ಆಸೆ.

ಒಮ್ಮೆ ಕೊಯ್ದರೆ ಮುಗೀತು. ಹಳೇ ರೇಡಿಯೋಕ್ಕೆ ಬೇಕಾದ್ದು ಎರಡು ಗುಂಡಿಯ ತೂತು, ನಡುವೆ ಮುಳ್ಳಿನ ಕಿಟಕಿ. ಹೊಸದಕ್ಕೆ ಕಮ್ಮಿ ಅಂದ್ರೂ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಬಾಯಿ.

ಇಂಥ ರೇಡಿಯೋ ಸಾಯೋದು ಹೆಚ್ಚಾಗಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿಂದ. ಒಳಗಿನ ದ್ರವ ಒಣಗುತ್ತೆ. ಬಿಸಿ 10 ಡಿಗ್ರಿ ಏರಿದ್ರೆ ಆಯುಷ್ಯ ಅರ್ಧ ಅಂತ ಒಂದು ಅಂದಾಜು ಲೆಕ್ಕ. ಬೆಂಗಳೂರಿನ ಎಸ್.ಪಿ. ರೋಡಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ವೆ, ಬೆಸುಗೆ ಹಾಕಿದ್ರಾಯ್ತು. ಫೋನಿನ ಹಾಡು ಬೇಕಾ? ವಾಲ್ಯೂಮ್ ಕಂಟ್ರೋಲಿಗೆ ಬರೋ ತಂತಿಗೊಂದು ಸ್ವಿಚ್ಚು, ಪಕ್ಕ ಆಕ್ಸ್ ಜ್ಯಾಕು. ಹೊರಗಿಂದ ಏನೂ ಕಾಣಲ್ಲ.

ಹಳೇ ಡಬ್ಬಿಯೊಳಗೆ ಬ್ಲೂಟೂತ್ ಬೋರ್ಡ್ ಇಡೋರೂ ಇದ್ದಾರೆ. ನಂಗಿಷ್ಟ ಇಲ್ಲ, ಹಳೇ ಟ್ಯೂನರೇ ಹೊರಗೆ ಹೋಗುತ್ತೆ. ಅಪ್ಪನ ಮುಳ್ಳು ಯಾವತ್ತೂ ನಿಲ್ತಿದ್ದದ್ದು ಮಂಗಳೂರು ಆಕಾಶವಾಣಿಯ 1089 ಕಿಲೋಹರ್ಟ್ಸ್ ಮೇಲೆ, ಪ್ರದೇಶ ಸಮಾಚಾರಕ್ಕೆ. ಎಂಜಿನ್ ಶುರುವಾದ್ರೆ ಕರಕರ ಸದ್ದು ಬೇರೆ. ಅದಕ್ಕೆ ರೆಸಿಸ್ಟರ್ ಇರೋ ಸ್ಪಾರ್ಕ್ ಪ್ಲಗ್ ಹಾಕಿ ನೋಡಬೇಕು.

"ಬ್ಲೂಟೂತ್ ಗೀಟೂತ್ ನಂಗೆ ಗೊತ್ತಿಲ್ಲ, ಗುಂಡಿ ತಿರುಗಿಸಿದ್ರೆ ಸ್ಟೇಷನ್ ಸಿಕ್ಕಬೇಕು" ಅಂದ್ರು ಅಪ್ಪ ಫೋನಲ್ಲಿ. ಸೋಲ್ಡರಿಂಗ್ ಐರನ್ ಸೂಟ್‌ಕೇಸಿಗೆ ಹಾಕಿಟ್ಟಿದ್ದೀನಿ. ರಜೆ ಸಿಗೋವರೆಗೆ ತಮ್ಮನ ಕೈಗೆ ಹ್ಯಾಕ್‌ಸಾ ಸಿಗದಿದ್ರೆ ಸಾಕು :-)