ನಡುದಾರಿಯ ಊರು

ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಲ್ಲಿ ಕೆಲವರಿಗಾದರೂ ಅಮೆರಿಕ, ಕೆನಡಾಗಳಿಗಿಂತ ಮೊದಲು ಕಂಡ ಪರದೇಶ ದುಬೈ ಅಥವಾ ಅಬುಧಾಬಿ. ಬರ್‌ದುಬೈಯಿಂದ ದೇರಾಕ್ಕೆ ಒಂದು ದಿರ್ಹಮಿಗೆ ಕ್ರೀಕ್ ದಾಟಿಸುವ ಅಬ್ರಾ ದೋಣಿ, ಕರಾಮದಲ್ಲಿ ಹಂಚಿಕೊಂಡ ಮನೆ, ಶುಕ್ರವಾರದ ಕನ್ನಡ ಕೂಟ (ವಾರದ ರಜೆ 2022ರಿಂದ ಶನಿವಾರ, ಭಾನುವಾರಗಳಿಗೆ ಸರಿದಿದೆ): ಪರದೇಶದ ಬಾಳು ರೂಢಿಯಾದದ್ದು ಇವುಗಳಿಂದಲೇ.

ಆದರೆ ಅಲ್ಲಿನ ವಾಸದ ಪರವಾನಗಿ ಬಹುಮಟ್ಟಿಗೆ ನೌಕರಿಗೆ ಅಂಟಿಕೊಂಡದ್ದು. ನೌಕರಿ ಹೋದರೆ ಮಕ್ಕಳ ಶಾಲೆಯೂ ಅತಂತ್ರ. ನಮ್ಮವರ ಮಗು ಅಲ್ಲಿಯೇ ಹುಟ್ಟಿದರೂ ಪೌರತ್ವ ಬಾರದು. 2019ರಲ್ಲಿ ಆರಂಭವಾದ ಗೋಲ್ಡನ್ ವೀಸಾ ಕೆಲವರಿಗೆ ನೆಮ್ಮದಿ ತಂದಿದೆ. ಗುಮಾಸ್ತರ, ಚಾಲಕರ ಪಾಡು ಮೊದಲಿನಂತೆಯೇ. ಹೀಗಿರುವಾಗ ಮುಂದಕ್ಕೆ ಹೊರಟವರನ್ನು ಹಣದಾಸೆಯ ಅಲೆಮಾರಿಗಳೆನ್ನುವುದು ಅನ್ಯಾಯ. ಹತ್ತಾರು ವರ್ಷ ಬಾಳಿದ ಮನೆಯ ಮಂಚ, ಪಾತ್ರೆಗಳನ್ನು ನೆರೆಯವರಿಗೆ ಹಂಚಿ ಟೊರಾಂಟೊ ಸೇರುವ ದಂಪತಿಗಳು ನಡುವಯಸ್ಸಿನಲ್ಲಿ ಮತ್ತೆ ಬಾಡಿಗೆ ಮನೆ ಹುಡುಕಬೇಕು.